ಹತ್ತನೆಯ ತರಗತಿಯ ಹುಕ್ಕು

ನಾನು ಕಟ್ಟಿದ ಹೈಸ್ಕೂಲಿನಲ್ಲಿ ಫ್ಯಾನಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಲು ಬಂದವರು ಗೋಡೆ ಮುಟ್ಟಿ ನೋಡುತ್ತಾರೆ, ಕಿಟಕಿ ತೆರೆದು ನೋಡುತ್ತಾರೆ, ಅಂಗಳದ ಕೆಳಗಿನ ಮಳೆನೀರಿನ ಟಾಕಿಯ ಮುಚ್ಚಳ ತೆಗೆಸಿ ಬಗ್ಗಿ ಒಂದು ಸಲ ಕೂಗಿಯೂ ನೋಡುತ್ತಾರೆ. ಹೊರಡುವಾಗ ಮಾತ್ರ ತಲೆ ಎತ್ತಿ ‘ಫ್ಯಾನ್ ಇನ್ನೂ ಕುಂಡ್ರಸಿಲ್ಲೇನ್ರಿ?’ ಎನ್ನುತ್ತಾರೆ. ಇಲ್ಲ, ಕೂರಿಸಿಲ್ಲ, ಕೂರಿಸುವುದೂ ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಹತ್ತನೆಯ ತರಗತಿಯ ಚಾವಣಿಯಲ್ಲಿ ಮಾತ್ರ ಒಂದು ಕಬ್ಬಿಣದ ಹುಕ್ಕಿದೆ. ಅದಕ್ಕೆ ಈಗ ಏನೂ ತೂಗುಹಾಕಿಲ್ಲ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನನಗೆ ಹೇಳಬೇಕೆನಿಸಿರುವುದು ಅದರ ಕಥೆಯೇ.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಮೇಲಿನ ಅಟ್ಟದಂಥ ಕೋಣೆಯೇ ನನ್ನ ಆಫೀಸು. ನಾನು ಹಾಕುವ ನಕ್ಷೆಗಳ ಮೇಲೆಲ್ಲ ತೆಳ್ಳಗೆ ಜೋಳದ ಹಿಟ್ಟು ಕೂತಿರುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕೂತು, ಜನ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಟ್ಟಿದ್ದೇನೆ. ನಿಪ್ಪಾಣಿಯ ಗಿರಾಕಿಗಳಿಗೆ ಮನೆಯ ಮುಂದೆ ನಾಲ್ಕು ಕಂಬ ಬೇಕು. ಆ ಕಂಬಗಳು ಏನನ್ನೂ ಹೊರುವುದಿಲ್ಲ, ಆದರೂ ಬೇಕು. ರಾಯಬಾಗದಲ್ಲಿ ಒಂದು ಮಂಗಲ ಕಾರ್ಯಾಲಯ ಕಟ್ಟಿದೆ. ಅಲ್ಲಿ ಮದುಮಕ್ಕಳು ಕೂರುವ ವೇದಿಕೆಗಷ್ಟೇ ಎಸಿ, ಊಟದ ಹಾಲ್‌ನಲ್ಲಿ ಕೂತವರು ಉಂಡಿದ್ದಕ್ಕಿಂತ ಹೆಚ್ಚು ಬೆವರಿ ಎದ್ದು ಬರುತ್ತಾರೆ. ಅಥಣಿ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳನ್ನೂ ಕಟ್ಟಿದ್ದೇನೆ. ಹೆಸರು ಬಂದದ್ದು ಮಂಗಲ ಕಾರ್ಯಾಲಯದಿಂದ, ಬುದ್ಧಿ ಬಂದದ್ದು ಶೆಡ್ಡಿನಿಂದ. ದ್ರಾಕ್ಷಿ ಒಣಗಿಸುವ ರೈತ ಬಿಸಿಲನ್ನು ಒಳಗೆ ಬಿಡುವುದಿಲ್ಲ, ಗಾಳಿಯನ್ನು ಮಾತ್ರ ಬಿಡುತ್ತಾನೆ. ಗಾಳಿ ಎಲ್ಲಿಂದ ಬಂದು ಎಲ್ಲಿ ಹೊರಬೀಳುತ್ತದೆ ಎಂಬುದು ಅವನಿಗೆ ಅಂಗೈಯಷ್ಟೇ ಚೆನ್ನಾಗಿ ಗೊತ್ತು. ಹಣ್ಣಿಗೆ ಮಾಡುವ ಈ ಉಪಚಾರವನ್ನು ನಾವು ಮಕ್ಕಳಿಗೆ ಯಾಕೆ ಮಾಡುವುದಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ.

ಅಂಕಲಿಯಿಂದ ಏಕಸಂಬಿ ಕಡೆ ಹೋಗುವಾಗ ಕಬ್ಬಿನ ನಡುವೆ ಸಿಗುವ ಒಂದು ಊರಿನವರು ನನ್ನನ್ನು ಹುಡುಕಿಕೊಂಡು ಬಂದದ್ದು ಅಂಥದೇ ಸಿಟ್ಟಿನ ಒಂದು ದಿನ. ಅವರ ಹೈಸ್ಕೂಲು ಎರೆಮಣ್ಣಿನ ಮೇಲೆ ಕೂತಿತ್ತು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಜೊತೆ ಗೋಡೆಗಳೂ ಬಿರಿದಿದ್ದವು. ಮೇಲೆ ತಗಡಿನ ಪತ್ರಾ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಮೂರರ ಪಾಠ ಯಾರ ತಲೆಗೂ ಹತ್ತುತ್ತಿರಲಿಲ್ಲ, ಪಾಠ ಮಾಡುವವರ ತಲೆಗೂ. ಹಳೆಯ ವಿದ್ಯಾರ್ಥಿಗಳೂ ಊರವರೂ ಸೇರಿ ಹೊಸ ಕಟ್ಟಡ ಕಟ್ಟಬೇಕೆಂದು ಒಂದು ಕಮಿಟಿ ಮಾಡಿಕೊಂಡಿದ್ದರು. ಕಮಿಟಿಯ ಚೇರ್ಮನ್ನರು ನಾಲ್ಕು ತಲೆಮಾರಿನಿಂದ ಕಬ್ಬು ಬೆಳೆಯುವ ಮನೆತನದವರು. ಮಾತು ಕಡಿಮೆ, ತೂಕ ಜಾಸ್ತಿ. ಎರಡೂ ಅರ್ಥದಲ್ಲಿ ಜಾಸ್ತಿ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಮೊದಲ ಸಭೆಯಲ್ಲಿ ನಾನು ಸುಸ್ಥಿರ ಕಟ್ಟಡವೆಂದರೆ ಏನು ಎಂದು ಹೇಳಿದೆ. ಗೋಡೆ ಸುಡದ ಮಣ್ಣಿನ ಇಟ್ಟಿಗೆಯದು, ಮಷಿನ್ನಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸಿದ್ದು. ದಪ್ಪ ಗೋಡೆ. ಸ್ಲ್ಯಾಬಿನ ಹೊಟ್ಟೆಯಲ್ಲಿ ಕುಂಬಾರರ ಕುಡಿಕೆಗಳನ್ನು ಬೋರಲು ಹಾಕಿ ಕಾಂಕ್ರೀಟು ಉಳಿಸುವುದು, ಬಿಸಿಲನ್ನೂ ತಡೆಯುವುದು. ಕೆಳಗೆ ಗಾಳಿ ಬರುವ ಜಾಲರಿ, ಮೇಲೆ ಬಿಸಿ ಗಾಳಿ ಹೋಗುವ ಬೆಳಕಿಂಡಿ. ಮಳೆನೀರಿಗೆ ಟಾಕಿ, ದೀಪಕ್ಕೆ ಸೋಲಾರು. ಒಂದು ತಾಸು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಸಂತೋಷವಾಗುತ್ತಿತ್ತು. ಮುಗಿದ ಮೇಲೆ ಚೇರ್ಮನ್ನರು ಕೆಮ್ಮಿದರು.

‘ಸಾಹೇಬ್ರ, ನಮ್ಮ ಅಜ್ಜ ಕಟ್ಟಿದ್ದ ಮಣ್ಣಿನ ಮನಿ ಹ್ವಾದ ವರ್ಷ ಕೆಡವಿ ಸ್ಲ್ಯಾಬ್ ಹಾಕೀನಿ. ಈಗ ನೀವು ಸಾಲಿಗಿ ಅದನ್ನ ಕಟ್ಟತೀನಿ ಅಂತೀರಿ. ಮೊದಲ ಹೇಳಿದ್ರ ಆ ಮಣ್ಣರ ಇಟ್ಟಿರತಿದ್ದೆ.’

‘ಹೊಸಾ ಮನಿ ತಂಪ ಐತೇನ್ರಿ?’ ಎಂದು ಕೇಳಿದೆ.

‘ತಂಪ ಎಲ್ಲೀದ್ರಿ. ಬ್ಯಾಸಗಿ ಪೂರಾ ಹೊರಗ ಕಟ್ಟಿ ಮ್ಯಾಲ ಮಲಗತೀವಿ.’

ಸಭೆಯಲ್ಲಿ ಯಾರೋ ನಕ್ಕರು. ನಕ್ಷೆ ಪಾಸಾಯಿತು.

ತೊಡಕು ಬಂದದ್ದು ಆಮೇಲೆ, ಹೆಡ್‌ಮಾಸ್ತರರು ನಕ್ಷೆಯ ಮೇಲೆ ಬೆರಳಿಟ್ಟು ಫ್ಯಾನಿನ ಹುಕ್ಕುಗಳು ಎಲ್ಲಿ ಎಂದು ಕೇಳಿದಾಗ. ಹುಕ್ಕುಗಳಿಲ್ಲ, ಈ ಕಟ್ಟಡಕ್ಕೆ ಫ್ಯಾನು ಬೇಕಾಗುವುದಿಲ್ಲ ಎಂದೆ. ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಕೋಣೆಯಲ್ಲಿದ್ದವರೆಲ್ಲ, ತೀರಿಕೊಂಡವರ ಮನೆಗೆ ಮಾತಾಡಿಸಲು ಹೋದಾಗ ಕೂರುವ ಹಾಗೆ ಕೂತರು.

ನಮ್ಮ ಕಡೆ ಸತ್ತವರ ಹೆಸರಿನಲ್ಲಿ ಫ್ಯಾನು ಕೊಡುವ ಪದ್ಧತಿ ಇದೆ. ಗುಡಿಗೆ ಕೊಡುತ್ತಾರೆ, ಸೊಸೈಟಿಗೆ ಕೊಡುತ್ತಾರೆ, ಶಾಲೆಗೆ ಕೊಡುತ್ತಾರೆ. ಫ್ಯಾನಿಗೆ ಮೂರು ರೆಕ್ಕೆ ಇರುವುದೇ ಇದಕ್ಕೇ ಎನ್ನುವ ಹಾಗೆ ಪೇಂಟರು ಬರೆಯುತ್ತಾನೆ. ಒಂದು ರೆಕ್ಕೆಯ ಮೇಲೆ ಕೈಲಾಸವಾಸಿ, ಎರಡನೆಯದರ ಮೇಲೆ ಹೆಸರು, ಮೂರನೆಯದರ ಮೇಲೆ ಸ್ಮರಣಾರ್ಥ. ಹಳೆಯ ಶಾಲೆಯಲ್ಲಿ ಹದಿನಾಲ್ಕು ಫ್ಯಾನುಗಳಿದ್ದವು, ಅಂದರೆ ಹದಿನಾಲ್ಕು ಜನ ಇದ್ದರು. ಎರಡರ ಮೇಲೆ ಬರಹ ಮರಾಠಿಯಲ್ಲಿತ್ತು. ಚೇರ್ಮನ್ನರ ತಂದೆಯವರದು ಹತ್ತನೆಯ ತರಗತಿಯಲ್ಲಿ, ಅಕ್ಷರಗಳಿಗೆ ಬಂಗಾರದ ಬಣ್ಣ. ಫ್ಯಾನಿಲ್ಲದ ಶಾಲೆ ಎಂದು ನಾನು ಹೇಳಿದ್ದು ಅವರ ಕಿವಿಗೆ, ನಿಮ್ಮ ಹಿರಿಯರಿಗೆ ಈ ಶಾಲೆಯಲ್ಲಿ ಜಾಗವಿಲ್ಲ ಎಂದು ಬಿದ್ದಿತ್ತು. ನಾನು ಇದೇ ನಾಡಿನಲ್ಲಿ ಹುಟ್ಟಿ ಬೆಳೆದವನು, ನಮ್ಮ ಓಣಿಯ ಗುಡಿಯಲ್ಲಿ ನಮ್ಮಜ್ಜಿಯ ಹೆಸರಿನ ಫ್ಯಾನು ತಿರುಗುತ್ತದೆ. ಆದರೂ ನಕ್ಷೆ ಹಾಕುವಾಗ ಇದು ನನ್ನ ತಲೆಗೆ ಬಂದಿರಲಿಲ್ಲ.

ಕೊನೆಗೆ ಚೇರ್ಮನ್ನರೇ ತೀರ್ಪು ಕೊಟ್ಟರು. ‘ಬ್ಯಾಡಂದ್ರ ಯಾರದೂ ಬ್ಯಾಡ. ನಮ್ಮಪ್ಪಂದೂ ಬ್ಯಾಡ. ಬೇಕಂದ್ರ ಹದಿನಾಲ್ಕೂ ಬೇಕು.’ ಹದಿನಾಲ್ಕು ಆಗುವುದಿಲ್ಲ ಎಂದೆ. ಹಾಗಾದರೆ ಯಾರದೂ ಇಲ್ಲ ಎಂದಾಯಿತು. ನ್ಯಾಯವಾದ ಮಾತು, ನನಗೂ ಅನುಕೂಲದ ಮಾತು.

ಆ ಸಭೆಗೆ ಚಹಾ ತಂದುಕೊಟ್ಟವಳು ಮಾವಶಿ. ಗಡಿಯ ಊರಲ್ಲವೇ, ಚಿಕ್ಕಮ್ಮನಿಗೆ ಮರಾಠಿಯಲ್ಲಿ ಹೇಳುವ ಹಾಗೆ ಶಾಲೆಯಲ್ಲಿ ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರಾದ ಹೆಡ್‌ಮಾಸ್ತರರೂ. ಬಿಸಿಯೂಟದ ಅಡಿಗೆ ಅವಳದು. ಅದಕ್ಕೂ ಮೊದಲು ಬೇರೆಯವರ ಹೊಲದಲ್ಲಿ ಕಬ್ಬಿನ ಕಳೆ ತೆಗೆಯುತ್ತಿದ್ದಳಂತೆ. ಹದಿನಾಲ್ಕರಲ್ಲಿ ಒಂದು ಫ್ಯಾನು ಅವಳದು. ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು. ಆಗಿ ಹನ್ನೊಂದು ವರ್ಷ. ಮರುವರ್ಷವೇ ತಾಯಿ ಒಂಬತ್ತನೆಯ ತರಗತಿಗೆ ಫ್ಯಾನು ತಂದುಕೊಟ್ಟಳು. ಅವರು ಬೌದ್ಧರು. ಅವರಲ್ಲಿ ಬರೆಯುವ ರೂಢಿಯಂತೆ ಮೊದಲ ರೆಕ್ಕೆಯ ಮೇಲೆ ಕೈಲಾಸವಾಸಿಯ ಬದಲು ‘ಕಾಲಕಥಿತ’ ಎಂದಿತ್ತು. ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಬೆಂಚಿನ ಮೇಲೆ ಹತ್ತಿ ಹಸಿ ಬಟ್ಟೆಯಿಂದ ಅದನ್ನೊಂದೇ ಒರೆಸುತ್ತಿದ್ದಳು. ಉಳಿದ ಹದಿಮೂರರ ಮೇಲೆ ಧೂಳು ಕೂತಿರುತ್ತಿತ್ತು.

ಮರುದಿನ ಪಾಯದ ಗುರುತು ಹಾಕಲು ಸುಣ್ಣದ ಪುಡಿ ಎಳೆಯುತ್ತಿದ್ದಾಗ ಅವಳು ಬಂದು ನಿಂತಳು.

‘ಸಾಹೇಬ್ರ, ಒಂದ ಮಾತ ಕೇಳತೀನ್ರಿ. ನಮ್ಮ ಫ್ಯಾನ್ ಎಲ್ಲಿ ಬರತೈತ್ರಿ?’

‘ಬರೂದಿಲ್ಲ ಮಾವಶಿ. ಫ್ಯಾನ್ ಬೇಕಾಗಲಾರದಂಗನ ಕಟ್ಟತೀವಿ.’

‘ಗಾಳಿಗಿ ಅಲ್ರಿ’ ಎಂದಳು.

ಅವಳಿಗೆ ತಿಳಿದಿಲ್ಲ ಎಂದುಕೊಂಡು ನಾನು ಗಾಳಿಯ ಬಗ್ಗೆ ಹೇಳಿದೆ. ಬಿಸಿ ಗಾಳಿ ಮೇಲೇರುವುದು, ಬೆಳಕಿಂಡಿಯಿಂದ ಹೋಗುವುದು, ಕೆಳಗಿನ ಜಾಲರಿಯಿಂದ ತಂಪು ಗಾಳಿ ಬರುವುದು. ಸುಣ್ಣದಲ್ಲಿ ನೆಲದ ಮೇಲೆ ಬಾಣದ ಗುರುತು ಹಾಕಿ ತೋರಿಸಿದೆ. ಅವಳು ಪೂರ್ತಿ ಕೇಳಿ ‘ಹೌದ್ರಿ, ಛಲೋ ಆತ್ರಿ’ ಎಂದು ಹೋದಳು. ನನಗೆ ಸಮಾಧಾನವಾಯಿತು. ಮುಂದಿನ ವಾರ ಬಂದು ಮತ್ತೆ ಅದನ್ನೇ ಕೇಳಿದಳು. ಅದರ ಮುಂದಿನ ವಾರವೂ. ಮೂರನೆಯ ಸಲ ನಾನು ರೇಗಿದೆ. ಒಂದು ಹುಕ್ಕು ಬಿಟ್ಟರೆ ಹದಿನಾಲ್ಕು ಬಿಡಬೇಕು, ಕಮಿಟಿ ಠರಾವು ಮಾಡಿದೆ, ಇನ್ನು ನನ್ನನ್ನು ಕೇಳಬೇಡ ಎಂದೆ. ಅವಳು ಕೇಳುವುದನ್ನು ಬಿಟ್ಟಳು. ಅಂದರೆ ನನ್ನನ್ನು ಕೇಳುವುದನ್ನು ಬಿಟ್ಟಳು.

ಕೆಲಸ ನಡೆಯಿತು. ಮೊದಲು ಹೊಲದ ಕರಿಮಣ್ಣಿನಿಂದಲೇ ಇಟ್ಟಿಗೆ ಒತ್ತಿದೆವು, ಒಣಗಿದ ಮೇಲೆ ಎಲ್ಲವೂ ಶಾಲೆಯ ಹಳೆಯ ಗೋಡೆಯ ಹಾಗೆಯೇ ಬಿರಿದವು. ಮತ್ತೆ ಕಾಗವಾಡದ ಕಡೆಯಿಂದ ಕೆಂಪು ಮಸಾರಿ ಮಣ್ಣು ತರಿಸಿದೆವು. ಒತ್ತುವ ಮಷಿನ್ನಿನ ಹಿಡಿಕೆ ಜಗ್ಗಲು ಊರವರು ಸರದಿಯ ಮೇಲೆ ಬರುತ್ತಿದ್ದರು. ಬಂದವರೆಲ್ಲ ತಮ್ಮ ಅಜ್ಜ ಮಣ್ಣಿಗೆ ಏನೇನು ಕಲಸುತ್ತಿದ್ದ ಎಂದು ಹೇಳಿ, ನನ್ನ ಸಿಮೆಂಟಿನ ಪ್ರಮಾಣವನ್ನು ನೋಡಿ ನಗುತ್ತಿದ್ದರು. ಚೇರ್ಮನ್ನರು ದಿನಾ ಸಂಜೆ ಬಂದು ಗೋಡೆಯನ್ನು ಬೆರಳಿನಿಂದ ಕೆರೆದು ನೋಡುತ್ತಿದ್ದರು. ಆ ಗೋಡೆಯ ಒಂದು ಮೂಲೆ ಅವರ ಉಗುರಿನಿಂದಲೇ ಸವೆದಿದೆ, ಈಗಲೂ ನೋಡಬಹುದು.

ಗೋಡೆ ಕಟ್ಟುವ ಹಿರಿಯ ಗೌಂಡಿ ಮಂಗಸೂಳಿಯವನು. ಅಲ್ಲಿಯ ಮಲ್ಲಯ್ಯನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಳ್ಳದೆ ಕರಣಿ ಮುಟ್ಟುವವನಲ್ಲ. ಕುಡಿಕೆಯ ಸ್ಲ್ಯಾಬು ಅವನಿಗೆ ಹೊಸದು, ಅದನ್ನು ಒಪ್ಪಿಕೊಂಡ. ಹುಕ್ಕಿಲ್ಲದ ಸ್ಲ್ಯಾಬನ್ನು ಒಪ್ಪಿಕೊಳ್ಳಲು ಅವನಿಗೆ ಆಗಲಿಲ್ಲ.

‘ಸಾಹೇಬ್ರ, ಹುಕ್ ಇಲ್ದ ಸ್ಲ್ಯಾಬ್ ನನ್ನ ಜನ್ಮದಾಗ ಹಾಕಿಲ್ರಿ. ನಾಳಿ ಮಂದಿ ನನಗ ಬೈತಾರ, ಮಗಾ ಹುಕ್ ಬಿಡೂದ ಮರತಾನ ಅಂತ.’

‘ಬೈದ್ರ ನನ್ನ ಹೆಸರ ಹೇಳು’ ಎಂದೆ.

ಸ್ಲ್ಯಾಬು ಸುರಿಯುವ ದಿನ ನಮ್ಮಲ್ಲಿ ಕೆಲಸಗಾರರಿಗೆ ಸಿಹಿ ಊಟ ಹಾಕುವ ರಿವಾಜು. ಶಾಲೆಯ ಸ್ಲ್ಯಾಬೆಂದರೆ ಮಾವಶಿಯದೇ ಅಡಿಗೆ. ಮೊದಲ ಮೂರು ಸ್ಲ್ಯಾಬುಗಳ ದಿನ ನಾನು ಊಟಕ್ಕೆ ಇಳಿಯಲಿಲ್ಲ. ಕಾಂಕ್ರೀಟು ಬೀಳುವಾಗ ನಾನು ಮೇಲೆಯೇ ಇರುತ್ತೇನೆ, ಇಲ್ಲದಿದ್ದರೆ ನಮ್ಮವರು ಕುಡಿಕೆಗಳನ್ನು ತುಳಿದು ಒಡೆಯುತ್ತಾರೆ. ನಾಲ್ಕನೆಯದು ಹತ್ತನೆಯ ತರಗತಿಯ ಸ್ಲ್ಯಾಬು. ಬೆಳಿಗ್ಗೆ ಸರಳುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದೆ, ಎಲ್ಲಿಯೂ ಹುಕ್ಕಿರಲಿಲ್ಲ. ಅರ್ಧ ಕೆಲಸವಾದಾಗ ಮಾವಶಿ ಏಣಿಯ ಕೆಳಗೆ ಬಂದು ನಿಂತಳು. ‘ಸಾಹೇಬ್ರ, ಗೋದಿ ಹುಗ್ಗಿ ಮಾಡೀನ್ರಿ. ಬಿಸೀದ ಐತಿ, ಬರ್ರಿ. ಮೂರ ಸಲ ಉಪವಾಸ ಹೋಗೀರಿ, ನನಗ ಪಾಪ ಬರತೈತ್ರಿ.’ ಗೌಂಡಿಯೂ ‘ಹೋಗ್ರಿ, ನಾ ಅದೀನಿ’ ಎಂದ. ಇಳಿದು ಹೋದೆ. ಅವಳು ಮೂರು ಸಲ ಬಡಿಸಿದಳು. ತುಪ್ಪ ನಿಜವಾಗಿಯೂ ಹೆಚ್ಚಿತ್ತು. ಆಗಲೇ ನನಗೆ ಸಂಶಯ ಬರಬೇಕಿತ್ತು, ಆದರೆ ಹುಗ್ಗಿ ಚೆನ್ನಾಗಿತ್ತು.

ಮೂರು ವಾರ ಬಿಟ್ಟು ಕೆಳಗಿನ ಹಲಗೆಗಳನ್ನು ಬಿಚ್ಚಿದಾಗ ನಾನು ಚಿಕ್ಕೋಡಿಯಿಂದ ಮೊಬೈಲ್ ತೆಗೆದುಕೊಂಡು ಫೋಟೊ ಹೊಡೆಯಲೆಂದೇ ಹೋಗಿದ್ದೆ. ಸಾಲಾಗಿ ಕುಡಿಕೆಗಳ ದುಂಡನೆಯ ಬಾಯಿಗಳು ಕಾಣುತ್ತಿದ್ದವು, ಚೆಂದವಾಗಿತ್ತು. ಸರಿಯಾಗಿ ನಡುವೆ ಒಂದು ಹುಕ್ಕು ತೂಗುತ್ತಿತ್ತು.

ನಾನು ಕೂಗಾಡಿದ್ದು ಕಬ್ಬಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದವರಿಗೂ ಕೇಳಿಸಿತಂತೆ. ಗೌಂಡಿ ಚಾವಣಿಯನ್ನು ಮೊದಲ ಸಲ ನೋಡಿದವನ ಹಾಗೆ ನೋಡಿದ. ‘ಸರಳ ತಾನ ಬಗ್ಗಿರಬೇಕ್ರಿ’ ಎಂದ. ಹನ್ನೆರಡು ಎಂಎಂ ಸರಳು ತಾನಾಗಿ ಬಗ್ಗಿ, ತಾನಾಗಿ ಹಲಗೆಯಲ್ಲಿ ತೂತು ಕೊರೆದುಕೊಂಡು ಕೆಳಗೆ ಬಂದಿತ್ತು. ಇದನ್ನು ನಾನು ಕಾಲೇಜಿನಲ್ಲಿ ಓದಿರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಎಲ್ಲರೂ ಕೇಳಿದ್ದು ಒಂದೇ, ಹುಕ್ಕು ಯಾರದು? ಹತ್ತನೆಯ ತರಗತಿಯಲ್ಲಿದೆ ಅಂದ ಮೇಲೆ ಚೇರ್ಮನ್ನರದೇ ಎಂದು ಮಂದಿ ಮಾತಾಡಿಕೊಂಡರು. ಠರಾವು ಮಾಡಿದವರೇ ತಮ್ಮಪ್ಪನಿಗೆ ಗುಟ್ಟಾಗಿ ಜಾಗ ಮಾಡಿಕೊಂಡರು ಎಂದು ಚಹಾದ ಅಂಗಡಿಯಲ್ಲಿ ಮಾತಾಯಿತು. ಚೇರ್ಮನ್ನರು ನನಗೆ ಫೋನ್ ಮಾಡಿ ಎರಡೇ ಮಾತು ಹೇಳಿದರು. ‘ನಂದಲ್ಲ. ಕತ್ತರಸ್ರಿ.’

ನನಗೆ ಗೊತ್ತಿತ್ತು ಅದು ಯಾರದೆಂದು. ಮೂರು ಸಲ ಬಡಿಸಿದ ಹುಗ್ಗಿ ನೆನಪಿತ್ತು. ತಿಳಿಯದೆ ಇದ್ದದ್ದು ಒಂದೇ, ಅವಳ ಫ್ಯಾನು ಇದ್ದದ್ದು ಒಂಬತ್ತನೆಯ ತರಗತಿಯಲ್ಲಿ, ಹುಕ್ಕು ಬಂದದ್ದು ಹತ್ತನೆಯದರಲ್ಲಿ. ಗೌಂಡಿಗೆ ಕೋಣೆ ತಪ್ಪಿದೆ ಎಂದುಕೊಂಡೆ. ಕದ್ದು ಮಾಡುವ ಕೆಲಸವನ್ನಾದರೂ ಸರಿಯಾಗಿ ಮಾಡಬಾರದೇ ಎಂದು ಅದಕ್ಕೂ ಸಿಟ್ಟು ಬಂತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಕತ್ತರಿಸುವ ಗ್ರೈಂಡರು ತೆಗೆದುಕೊಂಡು ನಾನೇ ಹೋದೆ. ಗೌಂಡಿಯನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೊರಗೆ ಬಿಸಿಲು ಬೆಂಕಿಯಂತಿತ್ತು, ನಾಯಿಗಳು ಕೂಡ ಗೋಡೆಯ ನೆರಳಿಗೆ ಸೇರಿದ್ದವು. ಹತ್ತನೆಯ ತರಗತಿಯ ಕೋಣೆಯೊಳಗೆ ಕಾಲಿಟ್ಟೆ, ತಂಪಾಗಿತ್ತು. ನಾನು ನಕ್ಷೆಯಲ್ಲಿ ಬಾಣ ಹಾಕಿ ತೋರಿಸಿದ ದಾರಿಯಲ್ಲೇ ಗಾಳಿ ಬರುತ್ತಿತ್ತು, ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಯಾವುದೂ ನಾನು ಹೇಳಿದ ಹಾಗೆ ಕೇಳಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಯಾರೂ ಇರಲಿಲ್ಲವಾದ್ದರಿಂದ ಬರಲಿ ಎಂದು ಬಿಟ್ಟೆ.

ಯಾರೂ ಇರಲಿಲ್ಲ ಎಂದುಕೊಂಡದ್ದು ತಪ್ಪು. ಮೂಲೆಯಲ್ಲಿ ಗೋಡೆಗೆ ಒರಗಿ ಮಾವಶಿ ಕೂತಿದ್ದಳು. ಪಕ್ಕದಲ್ಲಿ ಗೋಣಿಚೀಲದಲ್ಲಿ ಸುತ್ತಿದ ಫ್ಯಾನು. ನನ್ನ ಕೈಯಲ್ಲಿದ್ದ ಗ್ರೈಂಡರನ್ನು ನೋಡಿದಳು, ಏಳಲಿಲ್ಲ.

‘ಕತ್ತರಸಾಕ ಬಂದೀರೇನ್ರಿ?’

‘ಹೌದು.’

‘ಇಲ್ಲಿ ಭಾಳ ತಂಪ ಐತ್ರಿ’ ಎಂದಳು. ‘ನನ್ನ ಮಗಳು ದಿನಾ ಮನಿಗಿ ಬಂದು ಅಕಿ ಕ್ಲಾಸಿಂದ ಹೇಳತಿದ್ಲು. ಎವ್ವಾ, ಪತ್ರಾ ಕಾಯ್ದು ತಲಿ ಸುಡತೈತಿ ಅಂತ. ಅದಕ್ಕ ಆವಾಗ ಫ್ಯಾನ್ ಕೊಟ್ಟಿದ್ದೆರಿ. ಈಗ ಗಾಳಿ ಬ್ಯಾಡ್ರಿ. ನೀವು ಹೇಳಿದ್ದು ಖರೆ ಐತಿ, ನನಗ ತಿಳದೈತಿ. ವಾಯರ್ ಜೋಡಸೂದು ಬ್ಯಾಡ. ತಿರಗೂದೂ ಬ್ಯಾಡ.’

‘ಮತ್ಯಾಕ ಬೇಕ ಮಾವಶಿ? ಅದೂ ಹತ್ತನೆತ್ತೆದಾಗ ಯಾಕ? ಗೌಂಡಿ ಕ್ಲಾಸ್ ತಪ್ಪಿಸ್ಯಾನ.’

‘ಅಂವ ತಪ್ಪಿಸಿಲ್ರಿ. ನಾನ ಹೇಳೀನಿ.’ ಸ್ವಲ್ಪ ಹೊತ್ತು ಚೀಲದ ಹಗ್ಗ ಸರಿಮಾಡಿದಳು. ‘ಹನ್ನೊಂದ ವರ್ಷ ಒಂಬತ್ತನೆತ್ತೆದಾಗ ಕುಂತಾಳ್ರಿ ಅಕಿ. ಅಕಿ ಸಂಗತಿ ಇದ್ದವರು ಎಲ್ಲಾರೂ ಮುಂದ ಹೋದ್ರು, ಅವರ ಮಕ್ಕಳು ಈಗ ಸಾಲಿಗಿ ಹೊಂಟಾವ. ಇಕಿ ಅಲ್ಲೇ. ದಡ್ಡಿ ಇರಲಿಲ್ರಿ ನನ್ನ ಮಗಳು. ಹೊಸಾ ಸಾಲಿ ಆಗಾಕತ್ತೈತಿ, ಇಕಿನ್ನೂ ಪಾಸ್ ಮಾಡ್ರಿ ಅಂತ, ಇಷ್ಟ.’

ನಾನು ಗ್ರೈಂಡರನ್ನು ಕೆಳಗಿಟ್ಟೆ. ಅದರ ವೈರನ್ನು ಬಹಳ ಹೊತ್ತು ಸುತ್ತಿದೆ, ಅದು ಅಷ್ಟು ಉದ್ದವಿರಲಿಲ್ಲ. ‘ಗಾಳಿಗಿ ಅಲ್ರಿ’ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ನಾನು ಅವಳಿಗೆ ಸುಣ್ಣದಲ್ಲಿ ಬಾಣ ಬರೆದು ತೋರಿಸಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಸಂಜೆ ಚೇರ್ಮನ್ನರ ಮನೆಗೆ ಹೋದೆ. ಅವರು ಹೊಸ ಸ್ಲ್ಯಾಬಿನ ಮನೆಯ ಹೊರಗೆ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹುಕ್ಕು ಕತ್ತರಿಸಿಲ್ಲ ಎಂದೆ. ಅವರ ಮುಖ ಗಂಟಾಯಿತು. ಮಾವಶಿ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಅವರು ಟವೆಲು ನಿಲ್ಲಿಸಿದರು.

‘ಪಾಸ್ ಮಾಡ್ರಿ ಅಂದ್ಲ?’

‘ಹೌದ್ರಿ.’

ಒಳಗೆ ಯಾರನ್ನೋ ಕೂಗಿ ನನಗೆ ಚಹಾ ಹೇಳಿದರು. ಚಹಾ ಬಂತು, ಮುಗಿಯಿತು. ನಾನು ಏಳುವಾಗ ಹೇಳಿದರು: ‘ನಮ್ಮಪ್ಪ ಮೂರನೆತ್ತೆಗೇ ಸಾಲಿ ಬಿಟ್ಟಾಂವ. ಅಂವಗ ಹೈಸ್ಕೂಲದಾಗ ಏನ ಕೆಲಸ? ಅಂವನ್ನ ಕನ್ನಡ ಸಾಲಿಗಿ ಕಳಸ್ರಿ.’

ಹಾಗೆ ಅವರ ತಂದೆಯವರು ಪ್ರಾಥಮಿಕ ಶಾಲೆಯ ಮೂರನೆಯ ತರಗತಿಗೆ ಹೋದರು. ಬಂಗಾರದ ಅಕ್ಷರಗಳೊಂದಿಗೆ ಈಗಲೂ ಅಲ್ಲಿ ತಿರುಗುತ್ತಿದ್ದಾರೆ. ದಾರಿ ಸಿಕ್ಕ ಮೇಲೆ ಉಳಿದವರಿಗೂ ತಡವಾಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಿರಿಯರು ಎಷ್ಟು ಓದಿದ್ದರು, ಎಲ್ಲಿ ಕೂರುತ್ತಿದ್ದರು ಎಂದು ನೆನಪು ಮಾಡಿಕೊಂಡರು. ಶಾಲೆಯ ಮುಖವನ್ನೇ ನೋಡದ ಒಬ್ಬರು ಸೊಸೈಟಿಗೆ ಹೋದರು, ಬದುಕಿದ್ದಾಗ ದಿನವೂ ಅಲ್ಲಿಯೇ ಇರುತ್ತಿದ್ದರಂತೆ. ಮರಾಠಿಯ ಇಬ್ಬರು ಭಜನಾ ಮಂಡಳಿಗೆ ಹೋದರು. ಒಂದು ವಾರದಲ್ಲಿ ಹದಿಮೂರು ಫ್ಯಾನುಗಳಿಗೂ ಅವರವರ ಜಾಗ ಸಿಕ್ಕಿತು, ಜಗಳವೇ ಆಗಲಿಲ್ಲ. ಕಮಿಟಿಯ ಸಭೆಯಲ್ಲಿ ಕುಡಿಯುವ ನೀರಿನ ನಲ್ಲಿ ಯಾವ ಕಡೆ ಇರಬೇಕೆಂದು ಎರಡು ತಿಂಗಳು ಜಗಳವಾಡಿದವರು ಇದೇ ಜನ.

ಹದಿನಾಲ್ಕನೆಯ ಫ್ಯಾನನ್ನು ಹತ್ತನೆಯ ತರಗತಿಯ ಹುಕ್ಕಿಗೆ ಗೌಂಡಿಯೇ ಏರಿಸಿದ. ಕರಣಿ ಮುಟ್ಟುವ ಕೆಲಸವಲ್ಲದಿದ್ದರೂ ಹಣೆಗೆ ಭಂಡಾರ ಹಚ್ಚಿಕೊಂಡು ಬಂದಿದ್ದ. ‘ಸರಳ ಛಲೋ ಬಗ್ಗೈತಿ ನೋಡ್ರಿ’ ಎಂದು ನನಗೆ ಹೇಳಿದ. ನಾನು ಏಣಿ ಹಿಡಿದುಕೊಂಡೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ನಾನು ಆ ವರ್ಷ ತಿಂಗಳಿಗೊಮ್ಮೆ ಹೋಗಿ ಗೋಡೆ, ಟಾಕಿ, ಬೆಳಕಿಂಡಿ ನೋಡಿ ಬರುತ್ತಿದ್ದೆ. ಒಂದು ಸಲ ಹೊರಗಿನಿಂದ ಬಂದ ಒಬ್ಬ ಅತಿಥಿಗೆ ಶಾಲೆ ತೋರಿಸುತ್ತಿದ್ದೆ. ಅವರು ಹತ್ತನೆಯ ತರಗತಿಯಲ್ಲಿ ನಿಂತು, ಈ ಫ್ಯಾನು ಕೆಟ್ಟಿದೆಯೇ ಎಂದು ಮಕ್ಕಳನ್ನು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

‘ಕೆಟ್ಟಿಲ್ರಿ. ಅಕಿ ನಮ್ಮ ಕ್ಲಾಸಿನಾಕಿರಿ’ ಎಂದು ಹೆಸರು ಹೇಳಿದಳು.

ಆಗ ನನಗೆ ಹೊಳೆಯಿತು. ಹಳೆಯ ಶಾಲೆಯಲ್ಲಿ ಆ ಫ್ಯಾನು ಹತ್ತು ಬೇಸಿಗೆ ಒಂದೇ ಸವನೆ ತಿರುಗಿತ್ತು. ತಿರುಗುವ ಫ್ಯಾನಿನ ಮೇಲಿನ ಹೆಸರನ್ನು ಓದಲು ಯಾರಿಗೂ ಆಗುವುದಿಲ್ಲ. ಈ ಶಾಲೆಯಲ್ಲಿ ಅದು ನಿಂತೇ ಇತ್ತು. ಪಾಠ ಬೇಸರವಾದಾಗ ಮಕ್ಕಳು ಮೇಲೆ ನೋಡುತ್ತಾರೆ. ಇಡೀ ತರಗತಿಗೆ ಆ ಹುಡುಗಿಯ ಹೆಸರು ಬಾಯಿಪಾಠವಾಗಿತ್ತು. ನನ್ನ ತಂಪು ಗೋಡೆಗಳಿಂದ ಆದ ಇಂಥ ಉಪಯೋಗವನ್ನು ನಾನು ಯಾವ ನಕ್ಷೆಯಲ್ಲಿಯೂ ತೋರಿಸಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಮಾವಶಿ ಬಸ್ಸು ಹಿಡಿದು ಚಿಕ್ಕೋಡಿಗೆ ಬಂದು, ಗಿರಣಿಯ ಮೆಟ್ಟಿಲು ಹತ್ತಿ, ನನ್ನ ಆಫೀಸಿನ ಬಾಗಿಲಲ್ಲಿ ನಿಂತಳು. ಮೊದಲ ಸಲ ಬಂದಿದ್ದಳು. ಕೈಯಲ್ಲಿ ಪೇಡೆಯ ಪೊಟ್ಟಣ. ಮಕ್ಕಳು ಪಾಸಾದರೆ ನಮ್ಮ ಕಡೆ ಪೇಡೆ ಹಂಚುತ್ತಾರೆ, ಅದಕ್ಕೇನೂ ವಿಶೇಷವಿಲ್ಲ. ಶಾಲೆಯ ಮಕ್ಕಳೆಲ್ಲ ಚೆನ್ನಾಗಿ ಪಾಸಾಗಿದ್ದಾರೆ ಎಂದು ಆಗಲೇ ಕೇಳಿದ್ದೆ. ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ ಮೇಲೆ ಅವಳು ಹೇಳಿದಳು.

‘ಹತ್ತನೆತ್ತೆ ಮುಗೀತ್ರಿ ಅಕೀದು. ಇನ್ನ ಇಳಸ್ರಿ.’

ಪೇಡೆ ನುಂಗಿ ‘ನಾಳಿ ಬರತೀನಿ ಮಾವಶಿ’ ಎಂದೆ.

ಮರುದಿನ ಶಾಲೆಗೆ ಹೋಗಿ ನಾನೇ ಏಣಿ ಹತ್ತಿ ಇಳಿಸಿದೆ. ರೆಕ್ಕೆಗಳ ಮೇಲೆ ಧೂಳಿರಲಿಲ್ಲ. ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಒಂದೇ ಕೋಣೆ, ಮೇಲೆ ತಗಡಿನ ಪತ್ರಾ. ಮೇ ತಿಂಗಳ ಮಧ್ಯಾಹ್ನ ಅದರ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಗೋಡೆಯ ಮೇಲೆ ಎರಡು ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯ ಫೋಟೊ, ಶಾಲೆಯ ಯೂನಿಫಾರ್ಮಿನಲ್ಲಿ. ಇಷ್ಟು ದಿನ ಆ ಹೆಸರನ್ನು ನೋಡಿದ್ದೆ, ಮುಖವನ್ನು ನೋಡಿದ್ದು ಅಂದೇ. ಊರಿನ ವಾಯರ್‌ಮನ್ ಪತ್ರಾದ ಕೆಳಗಿನ ಕಬ್ಬಿಣದ ಪೈಪಿಗೆ ಕ್ಲಾಂಪು ಹಾಕಿ ಫ್ಯಾನು ತೂಗುಬಿಟ್ಟು, ವೈರು ಜೋಡಿಸಿದ. ಒಂದು ವರ್ಷ ಸುಮ್ಮನಿದ್ದ ಫ್ಯಾನು, ತಿರುಗುತ್ತದೋ ಇಲ್ಲವೋ ಎಂದು ಅವನಿಗೆ ಅನುಮಾನವಿತ್ತು.

ಮಾವಶಿ ಸ್ವಿಚ್ಚು ಹಾಕಿದಳು. ಫ್ಯಾನು ಮೊದಲು ಗುಂಯ್ ಎಂದಿತು, ಆಮೇಲೆ ನಿಧಾನವಾಗಿ ತಿರುಗಿತು. ಒಂದು ಸುತ್ತು, ಎರಡು ಸುತ್ತು ಹೆಸರು ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ.

‘ಹೆಸರ ಕಾಣೂದಿಲ್ಲಲ್ಲ ಮಾವಶಿ’ ಎಂದೆ.

‘ಇರಲಿ ಬಿಡ್ರಿ. ಮನಿಗಿ ಬಂದಾಳಲ್ಲ’ ಎಂದಳು. ಗೋಡೆಗೆ ಒರಗಿಸಿದ್ದ ಚಾಪೆಯನ್ನು ಫ್ಯಾನಿನ ಕೆಳಗೆ ಹಾಸಿ ‘ಕುಂಡ್ರಿ, ಬೆವತೀರಿ’ ಎಂದಳು. ಫ್ಯಾನೇ ಬೇಡ ಎಂದು ಊರೆಲ್ಲ ವಾದ ಮಾಡಿದವನು ಅದರ ಕೆಳಗೆ ಕೂತು ಇನ್ನೊಂದು ಪೇಡೆ ತಿಂದೆ. ಬೆವರು ಆರಿತು. ಬಹಳ ಹೊತ್ತು ಏಳಬೇಕೆನಿಸಲಿಲ್ಲ.